ಸಭಾಭವನದ ಮೈಕಿಗೆ ಚಿನ್ನದ ಪಿನ್ ಬೇಕೇ?

ಮಾನ್ಯ ಸಂಪಾದಕರೇ,

ದೀಪಾವಳಿ ಕಳೆಯಿತು. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಿವೆ. ಶಾಲೆಗಳಲ್ಲಿ ವಾರ್ಷಿಕೋತ್ಸವದ ತಯಾರಿ ಶುರುವಾಗಿದೆ. ಇನ್ನು ಮೇ ತಿಂಗಳವರೆಗೆ ಕರಾವಳಿಯ ಮೈಕಿನವರಿಗೆ ಪುರುಸೊತ್ತಿಲ್ಲ. ನಾನೂ ಮೈಕಿನವನೇ. ಕುಂದಾಪುರದ ಸುತ್ತಮುತ್ತ ಆಟ, ಮದುವೆ, ಭಜನೆ, ಸಭೆಗಳಿಗೆ ಸೌಂಡ್ ಹಾಕುತ್ತೇನೆ. ಮಳೆಗಾಲದಲ್ಲಿ ಕೆಟ್ಟ ಕೇಬಲ್, ಮೈಕು, ಆಂಪ್ಲಿಫೈಯರ್ ರಿಪೇರಿ ಮಾಡುತ್ತೇನೆ. ಸಭಾಭವನಕ್ಕೋ ಶಾಲೆಗೋ ಹೊಸ ಸೌಂಡ್ ಸಿಸ್ಟಂ ತರಲು ಹೊರಟಿರುವ ಸಮಿತಿಯವರು ದುಡ್ಡು ಕೊಡುವ ಮೊದಲು ಈ ಪತ್ರ ಓದಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಕಡೆಯ ಒಂದು ಸಭಾಭವನದಲ್ಲಿ ಹೋದ ವರ್ಷ ಹೊಸ ಸಿಸ್ಟಂ ಹಾಕಿಸಿದರು. ಊರವರೇ ಒಟ್ಟು ಮಾಡಿದ ದುಡ್ಡು. ಮೈಕು ಒಳ್ಳೆಯದು, ಮೈಕುಗಳ ದನಿ ಬೆರೆಸುವ ಮಿಕ್ಸರ್ ಒಳ್ಳೆಯದು, ಸ್ಪೀಕರ್ ಬಗ್ಗೆಯೂ ಮಾತಿಲ್ಲ. ಕೇಬಲ್ ಮಾತ್ರ "ಗೋಲ್ಡ್ ಪಿನ್ನಿಂದು, ಸೌಂಡ್ ಕ್ಲಿಯರ್ ಬರ್ತದೆ" ಎಂದು ಹೇಳಿ ದುಪ್ಪಟ್ಟು ಬೆಲೆಗೆ ಕೊಟ್ಟಿದ್ದರು. ವೇದಿಕೆಯ ದೀಪಗಳನ್ನು ಹಾಕಿದ ಕೂಡಲೇ ಗುಂಯ್ ಎಂಬ ಸದ್ದು ಶುರು. ವಾಲ್ಯೂಮ್ ಏರಿಸಿದಷ್ಟೂ ಅದೂ ಏರುತ್ತದೆ. ಸಮಿತಿಯ ಹಿರಿಯರು ನನ್ನನ್ನು ಕರೆಸಿ, "ಚಿನ್ನದ ಪಿನ್ ಹಾಕಿದ್ ಮೇಲೂ ಹೀಂಗ್ಯಾಕೆ ಮಾರಾಯ?" ಎಂದು ಕೇಳಿದರು.

ನೋಡಿದರೆ ಮೈಕಿನ ಕಡೆ ಮೂರು ಕಾಲಿನ ಎಕ್ಸ್‌ಎಲ್‌ಆರ್ ಪಿನ್, ಮಿಕ್ಸರ್ ಕಡೆ ಪಿ-38 ಮೊನೊ ಎಂಬ ಒಂಟಿ ಕಡ್ಡಿಯ ಪಿನ್. ನಡುವೆ ಸುಮಾರು ಮೂವತ್ತು ಮೀಟರ್ ಕೇಬಲ್. ಪಿ-38ರ ಮುಚ್ಚಳ ತಿರುಗಿಸಿ ಒಳಗೆ ನೋಡಿದೆ. ಕೇಬಲ್‌ನಲ್ಲಿ ಕೆಂಪು, ಬಿಳಿ ಎರಡು ತಂತಿ, ಸುತ್ತ ತಾಮ್ರದ ಜಾಲರಿ. ಕೆಂಪು ತಂತಿ ತುದಿಯ ಕಾಲಿಗೆ ಹೋಗಿದೆ. ಬಿಳಿಯದನ್ನು ಜಾಲರಿಯ ಜೊತೆ ಸೇರಿಸಿ ಒಂದೇ ಬೆಸುಗೆ ಹಾಕಿದ್ದಾರೆ. ಸದ್ದಿಗೆ ಕಾರಣ ಅಲ್ಲೇ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಿ-38 ಅಂದರೆ ಕಾಲಿಂಚು ದಪ್ಪದ, 6.35 ಮಿಲಿಮೀಟರಿನ ಪಿನ್. ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಕರೆ ಜೋಡಿಸಲು ಆಪರೇಟರ್‌ಗಳು ಚುಚ್ಚಿ ತೆಗೆಯುತ್ತಿದ್ದ ಪಿನ್ನಿನ ವಂಶದ್ದೇ ಇದು. ಹತ್ತೊಂಬತ್ತನೇ ಶತಮಾನದಿಂದ ಬಂದದ್ದು. ಮೊನೊ ಪಿನ್ನಿನಲ್ಲಿ ಎರಡೇ ಭಾಗ, ತುದಿ ಮತ್ತು ಮೈ. ದನಿ ತುದಿಯಿಂದ ಹೋಗುತ್ತದೆ, ಜಾಲರಿಯ ಮೂಲಕ ವಾಪಸ್ ಬರುತ್ತದೆ. ಹೊರಗಿನ ಗದ್ದಲ ತಡೆಯಬೇಕಾದ ಜಾಲರಿಯೇ ದನಿ ಹೊರುವ ಕೆಲಸವನ್ನೂ ಮಾಡುತ್ತದೆ. ಪಕ್ಕದಲ್ಲಿ ಹಾದುಹೋಗುವ ಕರೆಂಟ್ ವಯರು, ದೀಪದ ಡಿಮ್ಮರ್ ಎಲ್ಲದರ ಗದ್ದಲವೂ ಅದರೊಳಗೆ ಬರುತ್ತದೆ. ನಮ್ಮ ಮನೆಯ ಕರೆಂಟ್ 50 ಹರ್ಟ್ಸ್. ಗುಂಯ್ ಎಂದು ಕೇಳುವುದು ಆ 50 ಹರ್ಟ್ಸ್ ಮತ್ತು ಅದರ ಇಮ್ಮಡಿ, ಮುಮ್ಮಡಿಗಳು. ಮೈಕಿನಿಂದ ಹೊರಡುವ ದನಿ ಬರೀ ಮಿಲಿವೋಲ್ಟ್ ಲೆಕ್ಕದ್ದು. ಅದನ್ನು ಮಿಕ್ಸರ್ ನೂರಾರು ಪಟ್ಟು ಹಿಗ್ಗಿಸುತ್ತದೆ. ಒಳಗೆ ಬಂದ ಗದ್ದಲವೂ ಅಷ್ಟೇ ಪಟ್ಟು ಹಿಗ್ಗುತ್ತದೆ.

ಎಕ್ಸ್‌ಎಲ್‌ಆರ್ ಹಾಗಲ್ಲ. ಅಮೆರಿಕದ ಕ್ಯಾನನ್ ಕಂಪನಿ ತಂದ ಪಿನ್ ಅದು. ಹಳೆಯ ಮೈಕಿನವರು ಈಗಲೂ ಕ್ಯಾನನ್ ಪಿನ್ ಅಂತಲೇ ಅನ್ನುತ್ತಾರೆ. ಒಂದನೇ ಕಾಲು ಜಾಲರಿಗೆ. ಎರಡು ಮತ್ತು ಮೂರನೇ ಕಾಲಿನಲ್ಲಿ ಅದೇ ದನಿ, ಆದರೆ ಒಂದಕ್ಕೊಂದು ಉಲ್ಟಾ. ಲೆಕ್ಕ ಹೀಗೆ: ಎರಡನೇ ಕಾಲಿನಲ್ಲಿ ದನಿ ಪ್ಲಸ್ 5, ಮೂರನೆಯದರಲ್ಲಿ ಮೈನಸ್ 5 ಅಂತಿಟ್ಟುಕೊಳ್ಳಿ. ದಾರಿಯಲ್ಲಿ ಸೇರಿಕೊಂಡ ಗದ್ದಲ ಎರಡರಲ್ಲೂ ಪ್ಲಸ್ 3. ಎರಡೂ ತಂತಿ ಒಂದನ್ನೊಂದು ಹೊಸೆದುಕೊಂಡೇ ಬರುವುದರಿಂದ ಗದ್ದಲ ಎರಡಕ್ಕೂ ಸಮ ಇರುತ್ತದೆ. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. 8ರಿಂದ ಮೈನಸ್ 2 ಕಳೆದರೆ 10. ದನಿ ಪೂರ್ತಿ ಬಂತು, ಗದ್ದಲ ಸೊನ್ನೆ ಆಯಿತು. ಬ್ಯಾಲೆನ್ಸ್ಡ್ ಅನ್ನುವುದು ಇದಕ್ಕೇ. ಸರಿಯಾಗಿ ಮಾಡಿದ ಬ್ಯಾಲೆನ್ಸ್ಡ್ ಕೇಬಲ್ ಐವತ್ತು ಮೀಟರ್ ಎಳೆದರೂ ಮೈಕಿಗೆ ತೊಂದರೆಯಿಲ್ಲ. ಮೊನೊ ಪಿ-38ರಲ್ಲಿ ಐದಾರು ಮೀಟರ್ ದಾಟಿದರೆ ನನಗೆ ಧೈರ್ಯವಿಲ್ಲ.

ಆ ಸಭಾಭವನದಲ್ಲಿ ಬಿಳಿ ತಂತಿಯನ್ನು ಜಾಲರಿಗೆ ಕಟ್ಟಿದ್ದರಿಂದ ಈ ಕಳೆಯುವ ಲೆಕ್ಕವೇ ನಡೆಯುತ್ತಿರಲಿಲ್ಲ. ಮಿಕ್ಸರ್‌ನ ಎಕ್ಸ್‌ಎಲ್‌ಆರ್ ಕಿಂಡಿಗಳು ಖಾಲಿ ಬಿದ್ದಿದ್ದವು. ಪಿ-38 ಕತ್ತರಿಸಿ ಸಾದಾ ನಿಕ್ಕಲ್ ಬಣ್ಣದ ಎಕ್ಸ್‌ಎಲ್‌ಆರ್ ಹಾಕಿದೆ. ಕೇಬಲ್ ಅದೇ, ಮೈಕೂ ಅದೇ. ಸದ್ದು ಹೋಯಿತು. ಖರ್ಚಾದದ್ದು ಕೇಬಲ್ಲಿಗೆ ಒಂದೊಂದು ಪಿನ್ನಿನದು ಮಾತ್ರ.

ಹಾಗಾದರೆ ಪಿನ್ನಿನ ಚಿನ್ನದ ಲೇಪಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ಮಾರುವವರು ಹೇಳುವ ಕಾರಣಕ್ಕೆ ಅಲ್ಲ. ವಿದ್ಯುತ್ತು ಹರಿಯುವುದರಲ್ಲಿ ಬೆಳ್ಳಿ ಮೊದಲು, ತಾಮ್ರ ಎರಡನೆಯದು, ಚಿನ್ನ ಮೂರನೆಯದು. ಚಿನ್ನದ ಗುಣ ಇರುವುದು ಕಿಲುಬು ಹಿಡಿಯದಿರುವುದರಲ್ಲಿ. ದನಿಯ ಲೆಕ್ಕಕ್ಕೆ ಬಂದರೆ, ಶುಚಿಯಾಗಿ ಬಿಗಿಯಾಗಿ ಕೂತ ಎರಡು ಪಿನ್ನುಗಳ ನಡುವಿನ ಅಡ್ಡಿ ಒಂದು ಓಮ್‌ನ ನೂರನೇ ಒಂದು ಪಾಲಿನ ಆಸುಪಾಸು. ಮಿಕ್ಸರ್‌ನ ಮೈಕ್ ಕಿಂಡಿಯದ್ದು ಸುಮಾರು 2000 ಓಮ್. ಆ 2000ದ ಮುಂದೆ ಇದು ಯಾವ ಲೆಕ್ಕಕ್ಕೂ ಇಲ್ಲ. ಪಿನ್ ಚಿನ್ನದ್ದಾಗಲಿ, ಬೆಳ್ಳಿಯದ್ದಾಗಲಿ, ನಿಕ್ಕಲಿನದ್ದಾಗಲಿ, ಭಾಗವತರ ದನಿಯಲ್ಲಿ ವ್ಯತ್ಯಾಸ ಬರುವುದಿಲ್ಲ. ಪಿನ್ ಕೊಳೆಯಾದಾಗ, ಸಡಿಲವಾದಾಗ ಮಾತ್ರ ಕರಕರ ಕೇಳುತ್ತದೆ.

ನಮ್ಮ ಕಡಲ ಬದಿಯ ಗಾಳಿಯಲ್ಲಿ ಉಪ್ಪಿದೆ, ಬಯಲಿನಲ್ಲಿ ರಾತ್ರಿಯಿಡೀ ಇಬ್ಬನಿ ಬೀಳುತ್ತದೆ. ಕಿಲುಬು ನಮಗೆ ದೊಡ್ಡ ಸಂಗತಿಯೇ. ಆದರೆ ಮೇಳದಲ್ಲಿ ದಿನಾ ಹಾಕಿ ತೆಗೆಯುವ ಪಿನ್ ಆ ಉಜ್ಜಾಟದಲ್ಲೇ ತನ್ನಷ್ಟಕ್ಕೆ ಶುಚಿಯಾಗುತ್ತಾ ಇರುತ್ತದೆ. ಅಲ್ಲಿ ಗಟ್ಟಿ ಲೇಪ ಬೇಕು. ಅಗ್ಗದ ಪಿನ್ನುಗಳ ಚಿನ್ನ ಒಂದು ಮೈಕ್ರಾನಿಗಿಂತಲೂ ತೆಳು. ಕೆಲವೇ ದಿನಗಳ ಉಜ್ಜಾಟಕ್ಕೆ ಅದು ಸವೆದು ಕೆಳಗಿನ ಲೋಹ ಕಾಣುತ್ತದೆ. ಸಭಾಭವನದ ಗೋಡೆಯ ಕಿಂಡಿಯಲ್ಲಿ, ಮಿಕ್ಸರ್ ಹಿಂದೆ, ಒಮ್ಮೆ ಹಾಕಿದರೆ ವರ್ಷಗಟ್ಟಲೆ ಮುಟ್ಟದ ಕಡೆಯಲ್ಲಿ ಚಿನ್ನ ಪ್ರಯೋಜನಕ್ಕೆ ಬರುತ್ತದೆ. ಅಲ್ಲೂ ಪಿನ್ ಮತ್ತು ಕಿಂಡಿ ಎರಡೂ ಚಿನ್ನದ್ದಾಗಿರಬೇಕು. ಒಂದು ಚಿನ್ನ, ಇನ್ನೊಂದು ತವರ ಆದರೆ ತೇವಕ್ಕೆ ತವರದ ಕಡೆ ಬೇಗ ಹಾಳಾಗುತ್ತದೆ.

ಇನ್ನು ಬಾಳಿಕೆಯ ಮಾತು. ನನ್ನ ಮೇಜಿಗೆ ಬರುವ ಕೇಬಲ್‌ಗಳು ಹೆಚ್ಚಾಗಿ ಒಂದೇ ಕಡೆ ತುಂಡಾಗಿರುತ್ತವೆ, ಪಿನ್ನಿನ ಬಾಲದ ಹತ್ತಿರ, ಒಂದೆರಡು ಇಂಚಿನೊಳಗೆ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಆ ಜಾಗದಲ್ಲಿ ಕೇಬಲ್ ಮೆಲ್ಲಗೆ ಬಗ್ಗಿಸಿದರೆ ಬೀಪ್ ಬಂದು ಬಂದು ನಿಲ್ಲುತ್ತದೆ. ರಬ್ಬರ್ ಸೀಳಿದರೆ ತಾಮ್ರದ ಎಳೆಗಳಲ್ಲಿ ಒಂದೋ ಎರಡೋ ಮಾತ್ರ ಉಳಿದುಕೊಂಡಿರುತ್ತವೆ. ಉಳಿದವು ತುಂಡಾಗಿ, ಹಸಿರು ಕಿಲುಬು ಹಿಡಿದು, ಕೈಗೆ ಪುಡಿಪುಡಿ ಬರುತ್ತವೆ. ಇದಕ್ಕೆ ಕಾರಣ ಪಿನ್ನಿನ ಹಿಂದಿನ ಹಿಡಿತ. ಅಗ್ಗದ ಪಿ-38ರಲ್ಲಿ ಒಂದು ತಗಡಿನ ನಾಲಿಗೆ ಇರುತ್ತದೆ, ಅದನ್ನು ಇಕ್ಕಳದಲ್ಲಿ ಮಡಚಿ ಕೇಬಲ್ ಕಚ್ಚಿಸುವುದು. ಸಡಿಲ ಬಿಟ್ಟರೆ ಎಳೆತವೆಲ್ಲ ಬೆಸುಗೆಗೆ ಬೀಳುತ್ತದೆ, ಬಿಗಿ ಮಾಡಿದರೆ ಅದರ ಅಂಚೇ ತಂತಿಯನ್ನು ಕೊಯ್ಯುತ್ತದೆ. ಒಳ್ಳೆಯ ಎಕ್ಸ್‌ಎಲ್‌ಆರ್‌ನಲ್ಲಿ ಹಲ್ಲಿರುವ ಒಂದು ಪ್ಲಾಸ್ಟಿಕ್ ತುಂಡು ಕೇಬಲ್ ಸುತ್ತ ಕೂರುತ್ತದೆ. ಹಿಂದಿನ ಮುಚ್ಚಳ ತಿರುಗಿಸಿದಂತೆ ಅದು ಎಲ್ಲ ಕಡೆಯಿಂದ ಸಮನಾಗಿ ಒತ್ತುತ್ತದೆ. ಬಾಲದಲ್ಲಿ ರಬ್ಬರ್ ತೋಳು ಇರುವುದರಿಂದ ಕೇಬಲ್ ಚೂಪಾಗಿ ಮಡಚುವುದಿಲ್ಲ. ಎಳೆದರೆ ಎಳೆತ ಬೆಸುಗೆಯವರೆಗೆ ಮುಟ್ಟುವುದೇ ಇಲ್ಲ. ಪಿನ್ ಕೊಳ್ಳುವಾಗ ನಾನು ಮೊದಲು ತೆಗೆದು ನೋಡುವುದು ಈ ತುಂಡನ್ನು.

ಎರಡನೆಯದು ಬಿಚ್ಚಲು ಬರುತ್ತದೋ ಇಲ್ಲವೋ ಎಂಬುದು. ಪಿನ್ ಸಮೇತ ಪ್ಲಾಸ್ಟಿಕ್ ಎರಕ ಹೊಯ್ದ ಕೇಬಲ್ ನೋಡಲು ಚೆಂದ. ಕೆಟ್ಟರೆ ಕತ್ತರಿಸಿ ಎಸೆಯಬೇಕಷ್ಟೆ. ಬಿಚ್ಚಲು ಬರುವ ಪಿನ್ ಆದರೆ ಕೆಟ್ಟ ಎರಡಿಂಚು ಕತ್ತರಿಸಿ, ಹೊಸದಾಗಿ ತಂತಿ ಸುಲಿದು ಬೆಸುಗೆ ಹಾಕಿದರೆ ಕೇಬಲ್ ಹೊಸದರ ಹಾಗೆ. ಬೆಸುಗೆ ಹೊಳೆಯುತ್ತಿರಬೇಕು. ಮಂಕಾಗಿ ಕಾಳುಕಾಳಾಗಿ ಕಂಡರೆ ಕಾವು ಸಾಕಾಗಿಲ್ಲ ಎಂದರ್ಥ, ಅದು ಇವತ್ತಲ್ಲ ನಾಳೆ ಬಿಡುತ್ತದೆ. ತೀರಾ ಅಗ್ಗದ ಎಕ್ಸ್‌ಎಲ್‌ಆರ್‌ನಲ್ಲಿ ಇನ್ನೊಂದು ಸಮಸ್ಯೆ. ಬೆಸುಗೆಯ ಕಾವಿಗೆ ಒಳಗಿನ ಪ್ಲಾಸ್ಟಿಕ್ಕೇ ಮೆತ್ತಗಾಗಿ ಕಾಲುಗಳು ವಾರೆಯಾಗುತ್ತವೆ. ಆಮೇಲೆ ಮೈಕಿಗೆ ಸರಿಯಾಗಿ ಕೂರುವುದಿಲ್ಲ. ಅಗ್ಗದ ಪಿ-38ರಲ್ಲಿ ತುದಿಯ ರಿವೆಟ್ ಸಡಿಲವಾಗಿ ತುದಿ ಗಿರಗಿರ ತಿರುಗುತ್ತದೆ. ಒಮ್ಮೊಮ್ಮೆ ಮುರಿದು ಆಂಪ್ಲಿಫೈಯರಿನ ಕಿಂಡಿಯೊಳಗೇ ಉಳಿಯುತ್ತದೆ. ಆಗ ಆಂಪ್ಲಿಫೈಯರನ್ನೇ ಬಿಚ್ಚಬೇಕು.

ಲಿಖ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶದ ನ್ಯೂಟ್ರಿಕ್ ಕಂಪನಿ 1975ರಲ್ಲಿ ಶುರುವಾದದ್ದು. ಅವರ ಎಕ್ಸ್‌ಎಲ್‌ಆರ್ ಸಾವಿರಕ್ಕೂ ಹೆಚ್ಚು ಸಲ ಹಾಕಿ ತೆಗೆದರೂ ಬಾಳುತ್ತದೆ ಎಂದು ಅವರದೇ ಮಾಹಿತಿ ಪತ್ರ ಹೇಳುತ್ತದೆ. ಮೇಳದಲ್ಲಿ ದಿನಕ್ಕೊಮ್ಮೆ ಹಾಕಿ ತೆಗೆದರೆ ಐದು ತಿರುಗಾಟದ ಲೆಕ್ಕ ಆಯಿತು. ಅಮೆರಿಕದ ಸ್ವಿಚ್‌ಕ್ರಾಫ್ಟ್, ಆಂಫೆನಾಲ್ ಪಿನ್ನುಗಳೂ ಗಟ್ಟಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲ ದರದ ಪಿನ್ನುಗಳೂ ಸಿಗುತ್ತವೆ. ಹೆಸರು ಕೆತ್ತಿದ ನಕಲಿಗಳೂ ಮಾರುಕಟ್ಟೆಯಲ್ಲಿವೆ, ಹಾಗಾಗಿ ಬಿಲ್ ಕೇಳಿ ತನ್ನಿ.

ಎಕ್ಸ್‌ಎಲ್‌ಆರ್‌ನ ಇನ್ನೊಂದು ಗುಣ ಅದರ ಚಿಲಕ. ಟಕ್ ಎಂದು ಕೂತರೆ ಗುಂಡಿ ಒತ್ತದೆ ಬಿಡುವುದಿಲ್ಲ. ರಂಗಸ್ಥಳದ ಅಂಚಿನಲ್ಲಿ ವೇಷಧಾರಿ ಗಿರಕಿ ಹೊಡೆಯುವಾಗ ಕಾಲು ಕೇಬಲ್‌ಗೆ ತಾಗುವುದು ಸಾಮಾನ್ಯ. ಪಿ-38 ಆದರೆ ಅರ್ಧ ಹೊರಗೆ ಬಂದು ಭರ್‍ರ್ ಎಂದು ಸದ್ದು ಮಾಡುತ್ತದೆ. ಅದೂ ಭಾಗವತರು ಪದ್ಯ ಎತ್ತಿದ ಹೊತ್ತಿಗೆ ಆದರೆ ಇಡೀ ಆಟಕ್ಕೇ ಭಂಗ. ಸ್ಟೀರಿಯೊ ಪಿ-38ರಲ್ಲಿ ಮೂರು ಭಾಗ ಇರುವುದರಿಂದ ಅದೂ ಬ್ಯಾಲೆನ್ಸ್ಡ್ ದನಿ ಒಯ್ಯುತ್ತದೆ. ಮಿಕ್ಸರಿನಿಂದ ಆಂಪ್ಲಿಫೈಯರಿಗೆ, ಯಾರೂ ಓಡಾಡದ ಕಡೆ, ಅದು ಧಾರಾಳ ಸಾಕು. ಮೈಕಿಗೆ ಬೇಡ. ಒಳಗೆ ತೂರಿಸುವಾಗ ಅದರ ಭಾಗಗಳು ಬೇಡದ ಕಡೆಯೆಲ್ಲ ತಾಗಿಕೊಂಡೇ ಹೋಗುತ್ತವೆ. ಎಕ್ಸ್‌ಎಲ್‌ಆರ್‌ನಲ್ಲಿ ಜಾಲರಿಯ ಕಾಲು ಮೊದಲು ತಾಗುವಂತೆ ಮಾಡಿರುತ್ತಾರೆ.

ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು ಹೇಳಲೇಬೇಕು. ವಾರ್ಷಿಕೋತ್ಸವದಲ್ಲಿ ಮೊಬೈಲಿನಿಂದ ಹಾಡು ಹಾಕಿ ಮಕ್ಕಳನ್ನು ಕುಣಿಸುತ್ತೀರಿ. ಇಯರ್‌ಫೋನ್ ಕಿಂಡಿ ಇರುವ ಮೊಬೈಲಿಗೆ ಹಾಕುವುದು ಇಪಿ ಪಿನ್, 3.5 ಮಿಲಿಮೀಟರಿನದು. ಅಂಗಡಿಯಲ್ಲಿ ಇಪಿಯಿಂದ ನೇರ ಎಕ್ಸ್‌ಎಲ್‌ಆರ್‌ಗೆ ಜೋಡಿಸಿದ ಕೇಬಲ್ ಕೂಡ ಸಿಗುತ್ತದೆ. ಅದನ್ನು ತಂದು ಮೈಕಿನ ಕಿಂಡಿಗೆ ಚುಚ್ಚಿದರೆ ಹಿಂದಿನ ವಾದ್ಯಗಳು ಒಂದಿಷ್ಟು ಕೇಳುತ್ತವೆ, ಹಾಡುವವರ ದನಿಯೇ ಇರುವುದಿಲ್ಲ! ದೂರದ ಬಾವಿಯೊಳಗಿಂದ ಬಂದ ಹಾಗೆ ಸ್ವಲ್ಪ ಪ್ರತಿಧ್ವನಿ ಅಷ್ಟೇ. ವೇದಿಕೆಯ ಮೇಲೆ ಮಕ್ಕಳು ಎಲ್ಲಿ ಶುರು ಮಾಡುವುದೆಂದು ತಿಳಿಯದೆ ಮುಖ ಮುಖ ನೋಡುತ್ತಾರೆ. ಮೊಬೈಲ್ ಕೆಟ್ಟಿದೆ, ಸ್ಪೀಕರ್ ಹೋಗಿದೆ ಎಂದು ಓಡಾಟ ಶುರುವಾಗುತ್ತದೆ. ಯಾವುದೂ ಕೆಟ್ಟಿರುವುದಿಲ್ಲ. ಆ ಕೇಬಲ್ ಹಾಡಿನ ಎಡಭಾಗವನ್ನು ಎರಡನೇ ಕಾಲಿಗೂ ಬಲಭಾಗವನ್ನು ಮೂರನೇ ಕಾಲಿಗೂ ಕೊಡುತ್ತದೆ. ಮಿಕ್ಸರ್ ತನ್ನ ಕೆಲಸ ತಾನು ಮಾಡುತ್ತದೆ, ಒಂದರಿಂದ ಒಂದನ್ನು ಕಳೆಯುತ್ತದೆ. ಗಾಯಕರ ದನಿ ಎಡಬಲ ಎರಡರಲ್ಲೂ ಸಮ ಇರುವುದರಿಂದ ಗದ್ದಲದ ಹಾಗೆ ಅದೂ ಕಳೆದುಹೋಗುತ್ತದೆ. ಮೇಲಿಂದ ಆ ಮಿಕ್ಸರಿನಲ್ಲಿ ಕೇಬಲ್ ಮೂಲಕವೇ ಮೈಕಿಗೆ ಕರೆಂಟ್ ಕಳಿಸುವ 48 ವೋಲ್ಟಿನ ಫ್ಯಾಂಟಮ್ ಗುಂಡಿ ಒತ್ತಿದ್ದರೆ ಮೊಬೈಲಿಗೂ ಅಪಾಯ. ಇಪಿಯಿಂದ ಎರಡು ಪಿ-38 ಮೊನೊ ಬರುವ ಕೇಬಲ್ ತಂದು ಮಿಕ್ಸರಿನ ಸ್ಟೀರಿಯೊ ಕಿಂಡಿಗಳಿಗೆ ಹಾಕಿ. ಇಲ್ಲವೇ ಇಂಥ ದನಿಯನ್ನು ಬ್ಯಾಲೆನ್ಸ್ಡ್ ಮಾಡಿ ಮೈಕಿನ ಕಿಂಡಿಗೆ ಕೊಡುವ ಡಿಐ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆ ಸಿಗುತ್ತದೆ, ಶಾಲೆಗೆ ಒಂದಿದ್ದರೆ ಬಹಳ ಉಪಕಾರ. ಇಪಿ ಪಿನ್ ಬಹಳ ಸಣ್ಣದು, ಪಕ್ಕಕ್ಕೆ ಎಳೆತ ಬಿದ್ದರೆ ಮೊಬೈಲಿನ ಕಿಂಡಿಯೇ ಸಡಿಲವಾಗುತ್ತದೆ. ಮೊಬೈಲನ್ನು ಕೈಯಲ್ಲಿ ಹಿಡಿದು ಓಡಾಡಬೇಡಿ, ಮೇಜಿನ ಮೇಲಿಡಿ.

ಆರ್‌ಸಿಎ ಪಿನ್ ಮನೆಗೆ ಸರಿ. ಕೆಂಪು ಬಿಳಿ ಜೋಡಿಯದು, ರೇಡಿಯೋಗೆ ಗ್ರಾಮಫೋನ್ ಜೋಡಿಸಲೆಂದು 1930ರ ದಶಕದಲ್ಲಿ ಬಂದದ್ದು. ಹಳೆಯ ಯಕ್ಷಗಾನದ ಕ್ಯಾಸೆಟ್‌ಗಳನ್ನು ಮನೆಯಲ್ಲಿ ಡೆಕ್ ಇಟ್ಟು ಕೇಳುವವರಿಗೆ ಮೀಟರ್ ಉದ್ದದ ಸಾದಾ ಆರ್‌ಸಿಎ ಸಾಕು. ಸಾವಿರಾರು ರೂಪಾಯಿಯ ಕೇಬಲ್ ತಂದರೂ ಪದ್ಯ ಹೆಚ್ಚು ಇಂಪಾಗುವುದಿಲ್ಲ. ಆ ದುಡ್ಡಿಗೆ ಡೆಕ್ಕಿನ ಹೆಡ್ ಶುಚಿ ಮಾಡಿಸಿ, ಬೆಲ್ಟ್ ಬದಲಿಸಿ. ಆಂಪ್ಲಿಫೈಯರ್ ಆನ್ ಇರುವಾಗ ಮಾತ್ರ ಆರ್‌ಸಿಎ ಕೀಳಬೇಡಿ, ಹಾಕಬೇಡಿ. ಅದರ ನಡುವಿನ ಕಡ್ಡಿ ಮೊದಲು ತಾಗಿ, ಮೈ ಆಮೇಲೆ ತಾಗುತ್ತದೆ. ಆ ನಡುವಿನ ಕ್ಷಣದಲ್ಲಿ ಸ್ಪೀಕರಿಗೆ ದೊಡ್ಡ ಹೊಡೆತ ಬೀಳುತ್ತದೆ.

ದುಡ್ಡು ಸುರಿಯಬೇಕಾದ ಜಾಗ ಸ್ಪೀಕರ್ ಕೇಬಲ್. ಅಲ್ಲಿ ಎದುರಿಗಿರುವುದು ಮಿಕ್ಸರಿನ 2000 ಓಮ್ ಅಲ್ಲ, ಸ್ಪೀಕರಿನ 8 ಓಮ್. ಒಂದೊಂದು ಓಮ್ ಕೂಡ ಲೆಕ್ಕಕ್ಕೆ ಬರುತ್ತದೆ. ಮೂವತ್ತು ಮೀಟರ್ ದೂರಕ್ಕೆ 0.75 ಚದರ ಮಿಲಿಮೀಟರಿನ ತೆಳು ವಯರು ಎಳೆದರೆ ಹೋಗಿ ಬರುವ ದಾರಿಯ ಅಡ್ಡಿ ಸುಮಾರು 1.4 ಓಮ್. ಸ್ಪೀಕರಿಗೆ ಸಿಗಬೇಕಾದ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. 2.5 ಚದರ ಮಿಲಿಮೀಟರಿನದು ಎಳೆದರೆ ಅಡ್ಡಿ 0.4 ಓಮ್, ನಷ್ಟ ಹತ್ತರಲ್ಲಿ ಒಂದು ಪಾಲು. ಪಿನ್ ಸ್ಪೀಕಾನ್ ಆಗಿರಲಿ. 1987ರಲ್ಲಿ ನ್ಯೂಟ್ರಿಕ್ ತಂದದ್ದು. ಹಾಕಿ ತಿರುಗಿಸಿದರೆ ಲಾಕ್ ಆಗುತ್ತದೆ, ಕರೆಂಟ್ ಹರಿಯುವ ಲೋಹ ಕೈಗೆ ಸಿಗುವುದಿಲ್ಲ. ದೊಡ್ಡ ಆಂಪ್ಲಿಫೈಯರಿಗೆ ಪಿ-38 ಹಾಕಿ ಸ್ಪೀಕರ್ ಜೋಡಿಸುವುದನ್ನು ಈಗಲೂ ಅಲ್ಲಲ್ಲಿ ನೋಡುತ್ತೇನೆ. ಹೊರಗೆ ಬಿದ್ದ ಪಿನ್ನಿನ ತುದಿಗೂ ಮೈಗೂ ಒಟ್ಟಿಗೆ ಒಂದು ಕಬ್ಬಿಣದ ಚೂರು ತಾಗಿದರೆ ಆಂಪ್ಲಿಫೈಯರ್ ಶಾರ್ಟ್. ದಯವಿಟ್ಟು ಬಿಟ್ಟುಬಿಡಿ.

ನಾನು ನೋಡಿದ ಎಸ್ಟಿಮೇಟ್‌ಗಳಲ್ಲಿ ಸ್ಪೀಕರಿನ ವಾಟ್ ಬರೆದಿರುತ್ತದೆ, ಮೈಕಿನ ಕಂಪನಿ ಬರೆದಿರುತ್ತದೆ. ಕೊನೆಗೆ "ಕೇಬಲ್ ಮತ್ತು ಇತರೆ" ಎಂದು ಒಂದು ಸಾಲು. ಮೊದಲು ಕೈಕೊಡುವುದು ಆ ಸಾಲಿನಲ್ಲಿರುವುದೇ. ಸಮಿತಿಯವರು, ಪಂಚಾಯಿತಿಯವರು, ಶಾಲಾಭಿವೃದ್ಧಿ ಸಮಿತಿಯವರು ಆ ಸಾಲನ್ನು ಬಿಡಿಸಿ ಬರೆಸಬೇಕು. ಮೈಕ್ ಕೇಬಲ್‌ಗೆ ಎರಡೂ ತುದಿಯಲ್ಲಿ ಬಿಚ್ಚಲು ಬರುವ ಎಕ್ಸ್‌ಎಲ್‌ಆರ್. ಒಳಗೆ ಎರಡು ತಂತಿ, ಹೆಣೆದ ತಾಮ್ರದ ಜಾಲರಿ. ಬರೀ ಅಲ್ಯೂಮಿನಿಯಂ ಹಾಳೆ ಸುತ್ತಿದ್ದು ಗೋಡೆಯೊಳಗೆ ಹಾಕಲು ಸರಿ, ದಿನಾ ಸುತ್ತಿ ಬಿಚ್ಚುವ ಕೇಬಲ್‌ನಲ್ಲಿ ಅದು ಬಿರಿಯುತ್ತದೆ. ಸ್ಪೀಕರಿಗೆ ಸ್ಪೀಕಾನ್, ವಯರಿನ ದಪ್ಪ ಇಷ್ಟು ಎಂದು ನಮೂದಿಸಿ. ಜೊತೆಗೆ ನಾಲ್ಕಾರು ಬಿಡಿ ಪಿನ್ ಕೊಡಬೇಕೆಂದೂ ಬರೆಯಿರಿ. ಸಾಮಾನು ತಂದ ದಿನ ದುಡ್ಡು ಕೊಡುವ ಮೊದಲು ದೀಪ, ಫ್ಯಾನ್ ಎಲ್ಲ ಹಾಕಿಸಿ, ವಾಲ್ಯೂಮ್ ಏರಿಸಿ, ಒಂದೊಂದು ಪಿನ್ನಿನ ಬಾಲವನ್ನೂ ಅಲ್ಲಾಡಿಸಿ ನೋಡಿ. ಕರಕರ ಅಂದರೆ ವಾಪಸ್ ಕೊಡಿ.

ಕೇಬಲ್ ನೋಡಿಕೊಳ್ಳುವ ಹುಡುಗರಿಗೂ ಎರಡು ಮಾತು. ಮೊಣಕೈಗೆ ಹಾಕಿ ಸುತ್ತಬೇಡಿ, ಒಳಗಿನ ಎಳೆ ತಿರುಚಿಕೊಳ್ಳುತ್ತದೆ. ದೊಡ್ಡ ಸುತ್ತಾಗಿ, ಒಂದು ಸುತ್ತು ಮೇಲಿಂದ, ಮುಂದಿನದು ಒಳಗಿಂದ ಹಾಕಿ ಸುತ್ತಿ. ಕೇಬಲ್ ಹಿಡಿದು ಎಳೆಯಬೇಡಿ, ಪಿನ್ ಹಿಡಿದು ತೆಗೆಯಿರಿ. ಪಿನ್ ಕಪ್ಪಾದರೆ ಉಪ್ಪುಕಾಗದದಲ್ಲಿ ಉಜ್ಜಬೇಡಿ, ಲೇಪವೇ ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇಷ್ಟು ಉದ್ದದ ಪತ್ರವನ್ನು ಕತ್ತರಿಸಲೇಬೇಕಾದರೆ ಆರ್‌ಸಿಎ ಕುರಿತ ಭಾಗ ತೆಗೆಯಿರಿ. ಶಾಲೆಯ ಹಾಡಿನ ಭಾಗ ಮಾತ್ರ ದಯವಿಟ್ಟು ಉಳಿಸಿ. ಡಿಸೆಂಬರ್ ಹತ್ತಿರ ಬಂತು.

ಇಂತಿ ನಿಮ್ಮ ಓದುಗ,
ಒಬ್ಬ ಮೈಕಿನವ
ಕುಂದಾಪುರ ತಾಲೂಕು